ಕೀಲಿಕೈ ಕೊಟ್ಟ ಮೇಲೆ

ನೆರೆಯೋ ಭೂಕುಸಿತವೋ ಆದಾಗ ನಮ್ಮ ಪತ್ರಿಕೆಗಳಲ್ಲಿ ಎರಡು ಫೋಟೋಗಳು ತಪ್ಪದೆ ಬರುತ್ತವೆ. ಮೊದಲನೆಯದು ಆ ವಾರದ್ದು. ಮಾಡಿನವರೆಗೆ ಮುಳುಗಿದ ಮನೆ, ದೋಣಿಯಲ್ಲಿ ಗಂಟು ಹಿಡಿದು ಕೂತ ಅಜ್ಜಿ, ಕುಸಿದ ಗುಡ್ಡದ ಕೆಂಪು ಗಾಯ. ಎರಡನೆಯದು ಒಂದೆರಡು ವರ್ಷ ಕಳೆದ ಮೇಲಿನದು. ಶಾಮಿಯಾನ, ವೇದಿಕೆ, ಹಾರ ಹಾಕಿದ ಮಾನ್ಯರು, ಅವರ ಕೈಯಿಂದ ಕೀಲಿಕೈ ತೆಗೆದುಕೊಳ್ಳುತ್ತ ಕ್ಯಾಮೆರಾ ಕಡೆ ನೋಡಲೋ ಬೇಡವೋ ಎಂದು ಗೊತ್ತಾಗದೆ ನಿಂತ ಒಬ್ಬ ಹೆಂಗಸು. ಈ ಎರಡು ಫೋಟೋಗಳ ನಡುವೆ ಏನಾಯಿತು ಎಂದು ಕೇಳುವವರು ಕಡಿಮೆ. ಎರಡನೆಯ ಫೋಟೋ ಆದ ಮೇಲೆ ಏನಾಯಿತು ಎಂದು ಕೇಳುವವರು ಇಲ್ಲವೇ ಇಲ್ಲ.

ನನ್ನ ತಕರಾರು ಇರುವುದು ಆ ಎರಡನೆಯ ಫೋಟೋದ ಬಗ್ಗೆ. ಅದು ಒಂದು ಊರು ಮತ್ತೆ ಕಟ್ಟಿಕೊಳ್ಳುವ ಕೆಲಸದ ಮೊದಲ ದಿನದ ಚಿತ್ರ. ನಾವು ಅದನ್ನು ಕೊನೆಯ ದಿನದ ಚಿತ್ರ ಮಾಡಿಬಿಟ್ಟಿದ್ದೇವೆ. ಸರ್ಕಾರಕ್ಕೆ ಅಲ್ಲಿಗೆ ಕಡತ ಮುಗಿಯಿತು, ದಾನಿಗಳಿಗೆ ವರದಿ ಮುಗಿಯಿತು, ಪತ್ರಕರ್ತರಿಗೆ ಸುದ್ದಿ ಮುಗಿಯಿತು, ನಗರದಲ್ಲಿ ಕೂತು ಓದುವ ನಮಗೆ ಮನಸ್ಸಿನ ಕಸಿವಿಸಿ ಮುಗಿಯಿತು. ಮುಗಿಯದೆ ಉಳಿದದ್ದು ಆ ಹೆಂಗಸಿನ ಬದುಕು ಮಾತ್ರ. ಮರುದಿನ ಬೆಳಗ್ಗೆ ಅವಳು ಆ ಬೀಗ ತೆಗೆದು ಒಳಗೆ ಹೋಗಿ ಒಲೆ ಹಚ್ಚಬೇಕು. ಒಲೆಗೆ ಬೇಕಾದ ಕೂಲಿ ಎಲ್ಲಿಂದ ಬರುತ್ತದೆ ಎಂಬುದನ್ನು ಆ ಕೀಲಿಕೈ ಹೇಳುವುದಿಲ್ಲ.

ಮೈಸೂರಿನ ವಿಜಯನಗರದಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಸಮುದ್ರ ಇಲ್ಲಿಂದ ದೂರ. ಚಂಡಮಾರುತ ಎಂದರೆ ಒಡಿಶಾ, ಆಂಧ್ರ, ಹೆಚ್ಚೆಂದರೆ ನಮ್ಮ ಉಳ್ಳಾಲ, ಮರವಂತೆ ಎಂದುಕೊಳ್ಳುವ ಅಭ್ಯಾಸ ನಮಗೆ. ಆದರೆ ಕನ್ನಡನಾಡಿನ ಒಳನಾಡನ್ನು ಈ ಶತಮಾನದಲ್ಲಿ ಹಿಂಡಿದ ಎರಡು ದೊಡ್ಡ ಮಳೆಗಳ ಹಿಂದೆಯೂ ಬಂಗಾಳಕೊಲ್ಲಿಯ ವಾಯುಭಾರ ಕುಸಿತ ಇತ್ತು. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ ಅದು ಬಾಗಲಕೋಟೆ, ವಿಜಯಪುರ, ರಾಯಚೂರು, ಗದಗ, ಕೊಪ್ಪಳದ ಮೇಲೆ ಸುರಿಯಿತು. ಬರಗಾಲದ ಸೀಮೆ ಎಂದು ಹೆಸರಾದ ಕಡೆ ಮಣ್ಣಿನ ಮನೆಗಳು ನೆನೆದು ಮಲಗಿದವು, ಇನ್ನೂರಕ್ಕೂ ಹೆಚ್ಚು ಜನ ಸತ್ತರು. 2018ರ ಆಗಸ್ಟ್ ನಡುವಿನಲ್ಲಿ ಒಡಿಶಾ ತೀರದಲ್ಲಿ ಎದ್ದ ವಾಯುಭಾರ ಕುಸಿತ ಮುಂಗಾರಿನ ಗಾಳಿಯನ್ನು ಎಳೆದು ಕೇರಳ ಮತ್ತು ಕೊಡಗಿನ ಮೇಲೆ ಸುರಿಸಿತು. ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲ, ಮೊಣ್ಣಂಗೇರಿ, ಮುಕ್ಕೋಡ್ಲು, ಹೆಬ್ಬೆಟ್ಟಗೇರಿ ಎಂಬ ಹೆಸರುಗಳನ್ನು ನಮ್ಮಲ್ಲಿ ಬಹಳ ಜನ ಮೊದಲ ಸಲ ಕೇಳಿದ್ದು ಆ ವಾರ.

ಮೊದಲು 2009ರ ಕತೆ. ಯಾಕೆಂದರೆ ಅದು ನಮಗೆ ಪಾಠ ಆಗಬೇಕಾಗಿತ್ತು.

ಆ ನೆರೆಯ ನಂತರ ರಾಜ್ಯ ಸರ್ಕಾರ ‘ಆಸರೆ’ ಎಂಬ ಯೋಜನೆ ಮಾಡಿತು. ಕಂಪನಿಗಳು, ಮಠಗಳು, ಸಂಘ ಸಂಸ್ಥೆಗಳು ಹಳ್ಳಿಗಳನ್ನು ದತ್ತು ತೆಗೆದುಕೊಂಡವು. ನದಿಯಿಂದ ದೂರ, ಎತ್ತರದ ಜಾಗದಲ್ಲಿ ಭೂಮಿ ಕೊಂಡು ಸಾಲು ಸಾಲು ಕಾಂಕ್ರೀಟ್ ಮನೆ ಕಟ್ಟಲಾಯಿತು. ಉದ್ದೇಶದಲ್ಲಿ ತಪ್ಪು ಹುಡುಕಲು ನನಗೆ ಮನಸ್ಸಿಲ್ಲ. ಆದರೆ ಅನೇಕ ಕಡೆ ಜನ ಆ ಮನೆಗಳಿಗೆ ಹೋಗಲಿಲ್ಲ. ಹೋದವರಲ್ಲೂ ಬಹಳ ಮಂದಿ ಹಳೆಯ ಊರಿಗೆ ವಾಪಸ್ ಬಂದರು. ಖಾಲಿ ಮನೆಗಳ ಬಾಗಿಲು, ಕಿಟಕಿಗಳು ಮಾಯವಾದವು, ಜಾಲಿ ಬೆಳೆಯಿತು. ಹತ್ತು ವರ್ಷದ ನಂತರ, 2019ರ ಆಗಸ್ಟ್‌ನಲ್ಲಿ, ಮಲಪ್ರಭಾ, ಘಟಪ್ರಭಾ, ಕೃಷ್ಣಾ ಮತ್ತೆ ಉಕ್ಕಿದಾಗ ಹಳೆಯ ಊರಿನಲ್ಲೇ ಉಳಿದಿದ್ದವರು ಮತ್ತೆ ಮುಳುಗಿದರು. ಅವರಲ್ಲಿ ಕೆಲವರು ಅದೇ ಪಾಳು ಬಿದ್ದ ಆಸರೆ ಮನೆಗಳ ಮುಳ್ಳು ಸವರಿ ಒಳಗೆ ಹೋಗಿ ಕೂತರು.

ಆಗ ಟಿವಿ ಮುಂದೆ ಕೂತ ನಗರದವರ ಬಾಯಲ್ಲಿ ಬಂದ ಮಾತು ನನಗೆ ಚೆನ್ನಾಗಿ ನೆನಪಿದೆ. “ಕೊಟ್ಟರೂ ಹೋಗಲ್ಲ ಅಂದರೆ ಯಾರೇನು ಮಾಡೋಕಾಗುತ್ತೆ?” ಈ ಮಾತಿಗೆ ಉತ್ತರ ಕೊಡಲೇಬೇಕು. ಬಯಲುಸೀಮೆಯ ರೈತನ ಮನೆ ಎಂದರೆ ಮನುಷ್ಯರು ಮಲಗುವ ಜಾಗ ಮಾತ್ರ ಆಗಿರಲಿಲ್ಲ. ಅದರಲ್ಲಿ ಎತ್ತು ಕಟ್ಟುವ ಜಾಗ ಇತ್ತು, ಮೇವಿನ ಬಣವೆಗೆ ಹಿತ್ತಿಲಿತ್ತು, ಕಾಳು ತುಂಬುವ ಹಗೇವು ಇತ್ತು, ಕೂರಿಗೆ ಕುಂಟೆ ಇಡಲು ಪಡಸಾಲೆ ಇತ್ತು, ಮದುವೆಯಾದ ಮೂರು ಮಕ್ಕಳು ಒಂದೇ ಸೂರಿನಡಿ ಇರಲು ದಾರಿ ಇತ್ತು. ಹೊಸ ಮನೆಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆ, ಒಂದು ಕಕ್ಕಸು. ಹೊಲ ಮೈಲಿಗಟ್ಟಲೆ ದೂರ. ಬೆಳಗಿನ ಜಾವ ಎತ್ತು ಹೊಡೆದುಕೊಂಡು ಹೋಗುವವನು ನದಿಯ ಭಯಕ್ಕಿಂತ ದಿನದಿನದ ದಾರಿಯ ಲೆಕ್ಕ ಹಾಕುತ್ತಾನೆ. ನದಿ ಹತ್ತು ವರ್ಷಕ್ಕೊಮ್ಮೆ ಬರುತ್ತದೆ. ಹಸಿವು, ದನದ ಮೇವು, ಹೊಲದ ಕೆಲಸ ದಿನಾ ಬರುತ್ತವೆ. ಅವನ ಆಯ್ಕೆಯಲ್ಲಿ ಹಟಮಾರಿತನ ಇಲ್ಲ, ಲೆಕ್ಕ ಇದೆ. ನಾವು ಅವನ ಲೆಕ್ಕ ಕೇಳದೆ ನಮ್ಮ ಲೆಕ್ಕದ ಮನೆ ಕಟ್ಟಿದೆವು.

ಇನ್ನು ಕೊಡಗು. ಇಲ್ಲಿ ಕೆಲಸ 2009ಕ್ಕಿಂತ ಚೆನ್ನಾಗಿಯೇ ಆಯಿತು ಎಂದು ಒಪ್ಪಿಕೊಂಡೇ ಮುಂದೆ ಹೋಗುತ್ತೇನೆ. ಕೊಡಗಿನಲ್ಲಿ ಮನೆಯ ಜೊತೆ ಮನೆಯ ಅಡಿಯ ನೆಲವೇ ಹೋಗಿತ್ತು. ಇದ್ದಲ್ಲೇ ಕಟ್ಟಿಕೊಳ್ಳಿ ಎಂದು ಹೇಳುವಂತಿರಲಿಲ್ಲ. ಸರ್ಕಾರ ಜಾಗ ಹುಡುಕಿತು. ರಾಜೀವ್ ಗಾಂಧಿ ವಸತಿ ನಿಗಮದ ಮೂಲಕ ಎರಡು ಮಲಗುವ ಕೋಣೆಗಳ, ಒಂದೊಂದಕ್ಕೆ 9.85 ಲಕ್ಷ ರೂಪಾಯಿ ವೆಚ್ಚದ ಮನೆಗಳನ್ನು ಕಟ್ಟಿಸಿತು. ಇನ್ಫೋಸಿಸ್ ಪ್ರತಿಷ್ಠಾನವೂ ಕೈಗೂಡಿಸಿತು. ಮನೆ ಆಗುವವರೆಗೆ ಬಾಡಿಗೆಗೆ ತಿಂಗಳಿಗೆ 10 ಸಾವಿರ ಎಂಬ ಏರ್ಪಾಟು ಮಾಡಿತು. ಕರ್ಣಂಗೇರಿಯ ಮನೆಗಳ ನಂತರ, 2020ರ ಜೂನ್‌ನಲ್ಲಿ, ಮಾದಾಪುರದ ಹತ್ತಿರದ ಜಂಬೂರಿನಲ್ಲಿ 383 ಮತ್ತು ಮದೆನಾಡಿನಲ್ಲಿ 80, ಒಟ್ಟು 463 ಮನೆಗಳ ಹಸ್ತಾಂತರ ಆಯಿತು. ಆಸರೆಯ ಒಂದು ಕೋಣೆಯ ಮನೆಗೆ ಹೋಲಿಸಿದರೆ ಇದು ದೊಡ್ಡ ಹೆಜ್ಜೆ. ಗುಡ್ಡದ ಬುಡದಲ್ಲಿ ಪ್ರತಿ ಮಳೆಗಾಲ ಜೀವ ಕೈಯಲ್ಲಿ ಹಿಡಿದು ಮಲಗುತ್ತಿದ್ದವರಿಗೆ ಗಟ್ಟಿ ತಾರಸಿ ಸಿಕ್ಕಿದ್ದು ಸಣ್ಣ ಮಾತಲ್ಲ.

ಆದರೆ ಜಂಬೂರಿನಲ್ಲಿ ಕಟ್ಟಿದ್ದು ಬಡಾವಣೆ. ಹೋದದ್ದು ಊರು. ಬಡಾವಣೆ ಊರಾಗುವುದಕ್ಕೆ ಏನು ಬೇಕು, ಎಷ್ಟು ಕಾಲ ಬೇಕು ಎಂಬುದು ವಿಜಯನಗರದವರಾದ ನಮಗೆ ಗೊತ್ತಿರಬೇಕಾದ ವಿಷಯ.

ನಮ್ಮ ವಿಜಯನಗರವೂ ನಕ್ಷೆಯಲ್ಲಿ ಹುಟ್ಟಿದ ಜಾಗವೇ. ಹಿನಕಲ್ ಸುತ್ತಿನ ಹೊಲಗಳ ಮೇಲೆ ಗೆರೆ ಎಳೆದು ಒಂದನೆಯ ಹಂತ, ಎರಡನೆಯ ಹಂತ, ಮೂರು, ನಾಲ್ಕು ಎಂದು ಸಂಖ್ಯೆ ಕೊಟ್ಟರು. ಮುಖ್ಯರಸ್ತೆ, ಅಡ್ಡರಸ್ತೆ, ನಿವೇಶನ ಸಂಖ್ಯೆ ಆಯಿತು. ಮೊದಲು ಬಂದವರನ್ನು ಕೇಳಿ ನೋಡಿ. ಬಸ್ಸಿಲ್ಲದ ವರ್ಷಗಳು, ಒಂದು ಹಿಡಿ ಕೊತ್ತಂಬರಿಗೆ ಪೇಟೆಗೆ ಹೋಗಬೇಕಾಗಿದ್ದ ದಿನಗಳು, ಪಕ್ಕದ ಖಾಲಿ ಸೈಟಿನ ಹಾವು, ರಾತ್ರಿ ಆಸ್ಪತ್ರೆಗೆ ಹೋಗಬೇಕಾದರೆ ಆಟೋ ಸಿಗದ ಪಾಡು ಎಲ್ಲ ಹೇಳುತ್ತಾರೆ. ಆಮೇಲೆ ನಿಧಾನವಾಗಿ ಒಂದು ಅಂಗಡಿ, ಒಂದು ಹಿಟ್ಟಿನ ಗಿರಣಿ, ಒಂದು ಗಣಪತಿ ಪೆಂಡಾಲು. ಯೋಗಾನರಸಿಂಹ ಸ್ವಾಮಿ ದೇವಸ್ಥಾನ ಬಂತು, ಸಾಹಿತ್ಯ ಪರಿಷತ್ತಿನ ಭವನ ಬಂತು, ಕೊಡವ ಸಮಾಜ ಬಂತು. ಯಾರ ಮನೆಯ ಸಾವಿಗೆ ಯಾರು ಹೋಗಬೇಕು ಎಂಬುದು ಗೊತ್ತಾಗಲು ದಶಕಗಳು ಹಿಡಿದವು. ಇಲ್ಲಿಗೆ ಬಂದವರಲ್ಲಿ ಹೆಚ್ಚಿನವರಿಗೆ ತಿಂಗಳ ಸಂಬಳ ಇತ್ತು, ಬ್ಯಾಂಕ್ ಸಾಲ ಸಿಗುತ್ತಿತ್ತು, ಬರುವುದೋ ಬೇಡವೋ ಎಂದು ನಿರ್ಧರಿಸುವ ಸ್ವಾತಂತ್ರ್ಯ ಇತ್ತು. ಯಾರೂ ಇಲ್ಲಿಗೆ ಬರುವ ಮುಂಚೆ ತಮ್ಮ ಮನೆ ಮಣ್ಣಾಗುವುದನ್ನು ಕಣ್ಣಾರೆ ಕಂಡಿರಲಿಲ್ಲ.

ಹಾಗಿದ್ದೂ ನಮಗೆ ದಶಕಗಳು ಬೇಕಾದವು. ಹಲವು ಊರುಗಳಿಂದ ಬಂದ, ಕೆಲಸ ಕಳೆದುಕೊಂಡ, ಪರಸ್ಪರ ಗುರುತಿಲ್ಲದ ಕುಟುಂಬಗಳನ್ನು ಒಂದು ಬಡಾವಣೆಗೆ ತಂದು ಇಳಿಸಿ, ಕೀಲಿಕೈ ಕೊಟ್ಟ ದಿನವೇ ಅದು ಊರಾಯಿತು ಎಂದು ನಾವು ಹೇಗೆ ನಂಬಿದೆವು?

ಊರು ಎಂದರೆ ಏನೆಂದು ಕೊಡಗಿನಲ್ಲಿ ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಊರಿಗೆ ಮಂದ್ ಇದೆ, ಪುತ್ತರಿಯಲ್ಲಿ ಕೋಲಾಟ ಆಡುವ ಬಯಲು ಅದು. ದೇವರಕಾಡು ಇದೆ. ಒಕ್ಕಕ್ಕೊಂದು ಐನ್‌ಮನೆ, ಹಿರಿಯರಿಗೊಂದು ಕೈಮಡ ಇದೆ. ಕೊಡವರಲ್ಲದವರಿಗೂ ಅವರವರದ್ದೇ ಆದ ಗುರುತುಗಳಿವೆ. ಅರೆಭಾಷೆ ಗೌಡರ ತೋಟ, ಕೂಲಿಯವರ ಕಟ್ಟೆ, ಮಲಯಾಳ ಮಾತಾಡುವವರ ಪುಟ್ಟ ಅಂಗಡಿ, ಮಸೀದಿ, ಭೂತದ ಕಲ್ಲು. ಇವಕ್ಕೆಲ್ಲ ಯಾವ ಇಲಾಖೆಯಲ್ಲಿ ಅರ್ಜಿ ಹಾಕಬೇಕು? ಯಾವ ಪರಿಹಾರ ಪಟ್ಟಿಯಲ್ಲೂ ‘ಮಂದ್’ ಎಂಬ ಕಾಲಮ್ಮು ಇಲ್ಲ. ಇದು ಭಾವುಕತೆ ಎಂದು ತಳ್ಳಿಹಾಕುವವರಿಗೆ ಒಂದು ಮಾತು. ಕಷ್ಟ ಬಂದಾಗ ಸಾಲ ಕೊಡುವವನು, ಮಗುವನ್ನು ನೋಡಿಕೊಳ್ಳುವವಳು, ಕೆಲಸಕ್ಕೆ ಕರೆಯುವವನು ಸಿಗುವುದು ಇಂಥ ಜಾಗಗಳಲ್ಲಿ ಬೆಳೆದ ಪರಿಚಯದಿಂದ. ಬಡವರ ವಿಮೆ ಅದು. ಗುಡ್ಡದ ಜೊತೆ ಆ ವಿಮೆಯೂ ಜಾರಿಹೋಯಿತು.

ಈಗ ಹೊಟ್ಟೆಪಾಡಿನ ಮಾತು. ಕಾಫಿ ಗಿಡ ನೆಟ್ಟರೆ ಮೊದಲ ಫಸಲು ಕಾಣಲು ಮೂರು ನಾಲ್ಕು ವರ್ಷ ಬೇಕು, ತುಂಬು ಫಸಲಿಗೆ ಇನ್ನೂ ಹೆಚ್ಚು. ಕರಿಮೆಣಸಿನ ಬಳ್ಳಿಗೂ ಅಷ್ಟೇ ತಾಳ್ಮೆ ಬೇಕು, ಬಳ್ಳಿ ಹಬ್ಬುವ ನೆರಳು ಮರಕ್ಕೆ ಒಂದು ತಲೆಮಾರು ಬೇಕು. ಸರ್ಕಾರದ ವರ್ಷ ಮಾತ್ರ ಮಾರ್ಚ್ 31ಕ್ಕೆ ಮುಗಿಯುತ್ತದೆ. ಕಾಫಿಯ ಪಂಚಾಂಗಕ್ಕೂ ಖಜಾನೆಯ ಪಂಚಾಂಗಕ್ಕೂ ಇರುವ ಈ ಅಂತರದಲ್ಲಿ ಒಂದು ಕುಟುಂಬ ಏನು ತಿನ್ನಬೇಕು ಎಂಬ ಪ್ರಶ್ನೆ ಯಾವ ಯೋಜನೆಯ ಹೊಣೆಯೂ ಆಗಲಿಲ್ಲ. ಹಾಗೆ ನೆಡುವುದಕ್ಕೂ ಭೂಮಿ ಉಳಿದಿರಬೇಕಲ್ಲ? ತೋಟವೇ ಕಣಿವೆಗೆ ಇಳಿದಿದ್ದರೆ?

ಅದಕ್ಕೂ ಒಂದು ದರ ಇದೆ. 2015ರಿಂದ 2020ರವರೆಗೆ ಜಾರಿಯಲ್ಲಿದ್ದ ಕೇಂದ್ರದ ವಿಪತ್ತು ಪರಿಹಾರ ಮಾನದಂಡದಲ್ಲಿ, ಭೂಕುಸಿತದಿಂದ ಜಮೀನೇ ನಾಶವಾದರೆ ಸಣ್ಣ ಮತ್ತು ಅತಿಸಣ್ಣ ರೈತರಿಗೆ ಹೆಕ್ಟೇರಿಗೆ 37,500 ರೂಪಾಯಿ. ಎಕರೆಗೆ ಲೆಕ್ಕ ಹಾಕಿದರೆ ಸುಮಾರು 15 ಸಾವಿರ. ನಂತರದ ಪರಿಷ್ಕರಣೆಯಲ್ಲಿ ಅದು ಹೆಕ್ಟೇರಿಗೆ 47 ಸಾವಿರ ಆಯಿತು. ರಾಜ್ಯ ತನ್ನ ಕೈಯಿಂದ ಸೇರಿಸಬಹುದು, ಆದರೆ ದೇಶ ಒಪ್ಪಿಕೊಂಡ ದರ ಇದು. ಮೂರು ತಲೆಮಾರು ಬೆಳೆಸಿದ ಒಂದು ಎಕರೆ ತೋಟದ ಬೆಲೆ, ವಿಜಯನಗರದ ಮನೆಯೊಂದರ ಒಂದೆರಡು ತಿಂಗಳ ಬಾಡಿಗೆ.

ಇದರ ಪಕ್ಕದಲ್ಲಿ ಇನ್ನೊಂದು ಲೆಕ್ಕ ಇಡುತ್ತೇನೆ. ನಮ್ಮ ಮೈಸೂರಿನ ನಗರಾಭಿವೃದ್ಧಿ ಪ್ರಾಧಿಕಾರ ಬಡಾವಣೆಗೆಂದು ಭೂಮಿ ತೆಗೆದುಕೊಂಡಾಗ, ಕಳೆದುಕೊಂಡವರಿಗೆ ಅಭಿವೃದ್ಧಿಪಡಿಸಿದ ಜಾಗದಲ್ಲಿ ಅರ್ಧ ಪಾಲು ಎಂಬ 50:50 ಸೂತ್ರ ಕೆಲಕಾಲ ನಡೆಯಿತು. 2024ರಲ್ಲಿ ಅದರ ಸುತ್ತ ಎದ್ದ ವಿವಾದದಿಂದಾಗಿ ವಿಜಯನಗರ ಮೂರನೆಯ ಮತ್ತು ನಾಲ್ಕನೆಯ ಹಂತಗಳ ಹೆಸರು ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಆ ವಿವಾದದ ಸರಿ ತಪ್ಪು ಇಲ್ಲಿ ನನ್ನ ವಿಷಯವಲ್ಲ. ನನ್ನ ಗಮನ ಸೆಳೆದದ್ದು ಬೇರೆ. ನಗರಕ್ಕಾಗಿ ಭೂಮಿ ಹೋದರೆ ಅದಕ್ಕೆ ಎಷ್ಟು ಪಾಲು, ಎಲ್ಲಿ ಪಾಲು, ಯಾವ ದರದಲ್ಲಿ ಪಾಲು ಎಂದು ವಿಧಾನಸೌಧದಿಂದ ನ್ಯಾಯಾಲಯದವರೆಗೆ ವಾದ ನಡೆಯುತ್ತದೆ. 2018ರಲ್ಲಿ ಗುಡ್ಡ ಜಾರಿ ಭೂಮಿ ಹೋದಾಗ ಎಕರೆಗೆ 15 ಸಾವಿರ, ವಾದಕ್ಕೆ ಜಾಗವಿರಲಿಲ್ಲ. ಭೂಮಿ ಕಳೆದುಕೊಳ್ಳುವುದರಲ್ಲೂ ಅದೃಷ್ಟ ಬೇಕು ಎಂದಾಯಿತು.

ಇಷ್ಟೂ ಕಾಗದ ಇದ್ದವರ ಕತೆ. ಕೊಡಗಿನಲ್ಲಿ ಕಾಗದವೇ ಒಂದು ಕಾಡು. ಜಮ್ಮಾ ಜಮೀನು ಒಕ್ಕದ ಪಟ್ಟೇದಾರನ ಹೆಸರಲ್ಲಿ ಇರುತ್ತದೆ. ಅದನ್ನು ದುಡಿಯುವ ಕುಟುಂಬದ ಹೆಸರಲ್ಲಿ ಪಹಣಿ ಇರಬೇಕೆಂದಿಲ್ಲ. ಪೈಸಾರಿ ಜಾಗದಲ್ಲಿ ಎರಡು ತಲೆಮಾರು ಮನೆ ಕಟ್ಟಿಕೊಂಡಿದ್ದವರಿಗೆ ಹಕ್ಕುಪತ್ರ ಇರುವುದಿಲ್ಲ. ತೋಟದ ಲೈನ್‌ಮನೆಯಲ್ಲಿದ್ದ ಕೂಲಿಯವನ ಮನೆ ಬಿದ್ದರೆ ಅದು ತೋಟದ ಮಾಲೀಕನ ಆಸ್ತಿನಷ್ಟ. ಒಳಗಿದ್ದವನ ಪಾತ್ರೆ, ಬಟ್ಟೆ, ವಿಳಾಸ, ಮಗುವಿನ ಶಾಲೆ ಯಾವ ಲೆಕ್ಕಕ್ಕೂ ಬಾರದು. ಪರಿಹಾರ ಕೇಳಬೇಕಾದರೆ ಮೊದಲು ‘ನಾನು ಅಲ್ಲಿ ಇದ್ದೆ’ ಎಂದು ಸಾಬೀತು ಮಾಡಬೇಕು. ಅಲ್ಲಿ ಇದ್ದೆ ಎಂದು ಹೇಳುವ ಕಾಗದ ಅಲ್ಲೇ ಮಣ್ಣಿನಡಿ ಇರುತ್ತದೆ. 2019ರ ನೆರೆಯ ನಂತರ ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ, ಪೂರ್ತಿ ಬಿದ್ದದ್ದಕ್ಕೆ 5 ಲಕ್ಷ ಎಂದು ಘೋಷಿಸಿದಾಗಲೂ ಇದೇ ಆಯಿತು. ಅಕ್ಷರ ಹಂಚುವ ಅಧಿಕಾರ ಯಾರ ಕೈಯಲ್ಲಿದೆಯೋ ಮನೆ ಎಷ್ಟು ಬಿದ್ದಿದೆ ಎಂದು ಹೇಳುವ ಅಧಿಕಾರವೂ ಅವರದ್ದೇ.

ಇಲ್ಲಿಯವರೆಗೆ ಸರ್ಕಾರದ ಮಾತಾಯಿತು. ಈಗ ನಮ್ಮದು.

2018ರ ಆಗಸ್ಟ್‌ನಲ್ಲಿ ಮೈಸೂರು ಮನಸ್ಸು ಬಿಚ್ಚಿ ಕೊಟ್ಟಿತು. ನಮ್ಮ ಬೀದಿಯಲ್ಲೂ ಅಕ್ಕಿ, ಬಿಸ್ಕತ್ತು, ನೀರಿನ ಬಾಟಲಿ, ಕಂಬಳಿ ಗುಡ್ಡೆ ಬಿದ್ದವು. ಹುಣಸೂರು ರಸ್ತೆಯಲ್ಲಿ ಬ್ಯಾನರ್ ಕಟ್ಟಿದ ಲಾರಿಗಳು ಸಾಲುಗಟ್ಟಿದವು. ಒಳ್ಳೆಯ ಮನಸ್ಸಿನ ಕೆಲಸವೇ. ಆದರೆ ಆ ಗುಡ್ಡೆಯಲ್ಲಿ ನಾವು ಉಟ್ಟು ಬಿಟ್ಟ ಸೀರೆಗಳು ಎಷ್ಟಿದ್ದವು ಎಂಬುದೂ ನಮಗೆ ಗೊತ್ತು. ಎರಡು ವಾರದಲ್ಲಿ ಉತ್ಸಾಹ ಇಳಿಯಿತು. ಆಮೇಲೆ ನಾವು ಕೊಡಗಿಗೆ ಮತ್ತೆ ಹೋದದ್ದು ಪ್ರವಾಸಿಗರಾಗಿ. ಮಾಂದಲಪಟ್ಟಿಯ ಮೋಡ ನೋಡಲು ಜೀಪು ಹತ್ತಿದಾಗ ಆಸುಪಾಸಿನ ಗುಡ್ಡದ ಗಾಯದ ಮೇಲೆ ಹುಲ್ಲು ಬೆಳೆದಿತ್ತು. ‘ಎಲ್ಲ ಸರಿ ಹೋಗಿದೆ’ ಎಂದುಕೊಂಡು ಫೋಟೋ ತೆಗೆದೆವು.

ನಾವು ಕೊಟ್ಟದ್ದನ್ನು ಉಪಕಾರ ಎಂದು ಕರೆಯುವುದೇ ತಪ್ಪು ಲೆಕ್ಕ. 2018ರ ಕುಸಿತಗಳನ್ನು ಅಧ್ಯಯನ ಮಾಡಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ, ಮಳೆಯ ಜೊತೆಗೆ ಮನುಷ್ಯರು ಇಳಿಜಾರನ್ನು ಕಡಿದು ರಸ್ತೆ, ಕಟ್ಟಡ ಮಾಡಿದ್ದನ್ನೂ ಕಾರಣ ಎಂದು ಹೇಳಿತು. ಆ ಇಳಿಜಾರು ಯಾರಿಗಾಗಿ ಕಡಿದದ್ದು? ವಾರಾಂತ್ಯಕ್ಕೆ ‘ವ್ಯೂ’ ಬೇಕೆಂದು ಬರುವ ನಮಗಾಗಿಯೂ ಹೌದು. ಇನ್ನೊಂದು ಮಾತು. ಆ ಗುಡ್ಡಗಳ ಮೇಲೆ ಬಿದ್ದ ಮಳೆ ಹಟ್ಟಿಹೊಳೆಯಾಗಿ, ಹಾರಂಗಿಯಾಗಿ ಕಾವೇರಿ ಸೇರಿ ಕನ್ನಂಬಾಡಿ ಕಟ್ಟೆಗೆ ಬರುತ್ತದೆ. ಮೈಸೂರಿನ ನಲ್ಲಿಗಳಲ್ಲಿ ಬರುವ ಕಾವೇರಿ ಅಲ್ಲಿನದೇ. ಜಾರಿದ ಗುಡ್ಡದ ಮಣ್ಣು ಹಾರಂಗಿಯಲ್ಲಿ ಹೂಳಾಗಿ ಕೂತಿದೆ. ನಾವು ದಿನಾ ಕುಡಿಯುವುದು ಆ ಊರುಗಳ ನೀರು. ನಮಗೂ ಅವರಿಗೂ ಇರುವ ಸಂಬಂಧ ದಾನಿ ಮತ್ತು ಭಿಕ್ಷುಕರದ್ದಲ್ಲ. ಅದು ಸಾಲಗಾರರ ಸಂಬಂಧ, ಸಾಲ ಮಾಡಿದವರು ನಾವು.

ಬರೆಯುವವರ ಬಗ್ಗೆಯೂ ಒಂದು ಮಾತು ಹೇಳದಿದ್ದರೆ ಈ ಪತ್ರಿಕೆಯಲ್ಲಿ ಬರೆದು ಪ್ರಯೋಜನವಿಲ್ಲ. ದುರಂತ ಆದಾಗಲೆಲ್ಲ ನಮಗೆ ಕವಿತೆ ಬರುತ್ತದೆ. ಕುಸಿದ ಬೆಟ್ಟ, ಮುನಿದ ಕಾವೇರಿ, ತಾಯಿಯ ಕೋಪ. ಆಮೇಲೆ ‘ಛಲ ಬಿಡದ ಜನ’, ‘ಬೂದಿಯಿಂದ ಎದ್ದವರು’ ಎಂಬ ಲೇಖನ ಬರುತ್ತದೆ. ಈ ಛಲದ ಹೊಗಳಿಕೆಯನ್ನು ನಾನು ಅನುಮಾನದಿಂದ ನೋಡುತ್ತೇನೆ. ಒಬ್ಬ ಮುದುಕಿ ಎಪ್ಪತ್ತನೆಯ ವಯಸ್ಸಿನಲ್ಲಿ ಮತ್ತೆ ಕೂಲಿಗೆ ಹೋಗುತ್ತಾಳೆ ಎಂದರೆ ಅದು ಅವಳ ಛಲ ಹೌದೋ ಅಲ್ಲವೋ ಗೊತ್ತಿಲ್ಲ. ಅವಳಿಗೆ ಬರಬೇಕಾದ್ದು ಬರಲಿಲ್ಲ ಎಂಬುದಂತೂ ಖಚಿತ. ಛಲವನ್ನು ಹೊಗಳಿದಷ್ಟೂ ಬಾಕಿಯನ್ನು ಮರೆಯುವುದು ಸುಲಭ. ಪ್ರಕೃತಿಯ ಮುನಿಸು ಎಂದು ಬರೆದಷ್ಟೂ ಹೆಕ್ಟೇರಿಗೆ 37,500 ಎಂದು ಬರೆದವರು ನೆನಪಾಗುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಸರ್ಕಾರದ ಬಳಿ ದುಡ್ಡಿಲ್ಲ, ಪ್ರತಿ ವರ್ಷ ಒಂದು ಕಡೆ ನೆರೆ, ಎಲ್ಲರ ಬದುಕನ್ನೂ ಹತ್ತು ವರ್ಷ ಹಿಂಬಾಲಿಸಲು ಆಗುತ್ತದೆಯೇ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆ ಪ್ರಾಮಾಣಿಕವಾದದ್ದು. ಆದರೆ ಆಗುವುದಿಲ್ಲ ಎಂದುಕೊಂಡಿದ್ದನ್ನು ಇದೇ ದೇಶ ಮಾಡಿ ತೋರಿಸಿದೆ. 1999ರ ಮಹಾಚಂಡಮಾರುತದಲ್ಲಿ ಒಡಿಶಾದಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರು. ಆ ರಾಜ್ಯ ಅದೇ ವರ್ಷ ವಿಪತ್ತಿಗೆಂದೇ ಒಂದು ಪ್ರಾಧಿಕಾರ ಮಾಡಿತು, ಆಶ್ರಯ ಕಟ್ಟಡ ಕಟ್ಟಿತು, ಹಳ್ಳಿ ಹಳ್ಳಿಯಲ್ಲಿ ಜನರನ್ನು ತಯಾರು ಮಾಡಿತು. 2013ರಲ್ಲಿ ಫೈಲಿನ್ ಬಂದಾಗ ಲಕ್ಷಾಂತರ ಜನರನ್ನು ಮೊದಲೇ ಸ್ಥಳಾಂತರಿಸಿತು, ಸಾವು ಐವತ್ತರೊಳಗೆ ನಿಂತಿತು. ಹದಿನಾಲ್ಕು ವರ್ಷ ಪಟ್ಟು ಹಿಡಿದು ಮಾಡಿದ ಕೆಲಸ ಅದು. ಜೀವ ಉಳಿಸುವುದರಲ್ಲಿ ತೋರಿಸಿದ ಆ ಪಟ್ಟನ್ನು ಉಳಿದ ಜೀವ ಬದುಕುವುದರಲ್ಲಿ ಯಾಕೆ ತೋರಿಸಬಾರದು? 2001ರ ಭೂಕಂಪದ ನಂತರ ಗುಜರಾತಿನ ಬಹುಪಾಲು ಮನೆಗಳನ್ನು ಗುತ್ತಿಗೆದಾರರು ಕಟ್ಟಲಿಲ್ಲ. ಹಣ ಕಂತಿನಲ್ಲಿ ಬಂತು, ಎಂಜಿನಿಯರು ಸಲಹೆ ಕೊಟ್ಟ, ಮನೆಯವರೇ ನಿಂತು ಕಟ್ಟಿಸಿಕೊಂಡರು. ಎತ್ತು ಎಲ್ಲಿ ಕಟ್ಟಬೇಕು ಎಂದು ಮನೆಯವರಿಗೆ ಗೊತ್ತಿರುತ್ತದೆ.

ದುಡ್ಡಿನ ವಿಷಯದಲ್ಲೂ ಒಂದು ಬಾಗಿಲು ತೆರೆದಿದೆ. ಬಹುಕಾಲ ನಮ್ಮ ವಿಪತ್ತು ನಿಧಿ ತಕ್ಷಣದ ಪರಿಹಾರಕ್ಕೆ ಮಾತ್ರ ಇತ್ತು. ಮತ್ತೆ ಕಟ್ಟುವುದು ಅದರ ಕೆಲಸವೇ ಆಗಿರಲಿಲ್ಲ. 15ನೇ ಹಣಕಾಸು ಆಯೋಗ 2021ರಿಂದ 2026ರ ಅವಧಿಗೆ ವಿಪತ್ತು ನಿರ್ವಹಣೆಯ ಹಣದಲ್ಲಿ ಶೇ. 30ರಷ್ಟನ್ನು ಚೇತರಿಕೆ ಮತ್ತು ಪುನರ್ನಿರ್ಮಾಣಕ್ಕೆಂದೇ ಬೇರೆ ಮಾಡಿ ಇಡಲು ಹೇಳಿತು. ಅಂದರೆ ತುರ್ತು ಪರಿಹಾರ ಬೇರೆ, ಚೇತರಿಕೆ ಬೇರೆ ಎಂದು ದೇಶ ಕಾಗದದ ಮೇಲಾದರೂ ಒಪ್ಪಿಕೊಂಡಿದೆ. ಆ ಹಣ ಯಾವ ಊರಿಗೆ, ಯಾವುದಕ್ಕೆ ಹೋಯಿತು ಎಂದು ಕೇಳುವ ಶಾಸಕರು ನಮಗೆ ಬೇಕು. ಕೇಳದಿದ್ದರೆ ಚೇತರಿಕೆಯ ಹಣವೂ ತಡೆಗೋಡೆಯ ಗುತ್ತಿಗೆಯಾಗಿ ಕರಗುತ್ತದೆ.

ನನ್ನ ಬೇಡಿಕೆ ದೊಡ್ಡದೇನಲ್ಲ. ಸರ್ಕಾರ ಕಟ್ಟಿಸಿದ ಪ್ರತಿ ಪುನರ್ವಸತಿ ಬಡಾವಣೆಗೂ ಹತ್ತು ವರ್ಷದ ಲೆಕ್ಕ ಇರಬೇಕು. ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆ, ಆ ಬಡಾವಣೆಯ ಜನರ ಮುಂದೆಯೇ ಗ್ರಾಮಸಭೆಯಲ್ಲಿ ಅದನ್ನು ಓದಬೇಕು. ಕೊಟ್ಟ ಮನೆಗಳಲ್ಲಿ ಎಷ್ಟರಲ್ಲಿ ದೀಪ ಉರಿಯುತ್ತಿದೆ? ಎಷ್ಟು ಕುಟುಂಬ ಹಳೆಯ ಅಪಾಯದ ಜಾಗಕ್ಕೆ ವಾಪಸ್ ಹೋಗಿದೆ, ಯಾಕೆ ಹೋಗಿದೆ? ದುಡಿಯುವವರು ಕೆಲಸಕ್ಕೆ ಎಷ್ಟು ದೂರ ಹೋಗುತ್ತಿದ್ದಾರೆ? ಎಷ್ಟು ಮಕ್ಕಳು ಶಾಲೆ ಬಿಟ್ಟರು? ಹಕ್ಕುಪತ್ರ ಯಾರ ಹೆಸರಲ್ಲಿದೆ, ಹೆಂಗಸಿನ ಹೆಸರು ಅದರಲ್ಲಿ ಇದೆಯೇ? ಸೋರುವ ತಾರಸಿಗೆ, ಕೆಟ್ಟ ಪಂಪಿಗೆ ಹೊಣೆ ಯಾರು? ಇದಕ್ಕೆ ಹೊಸ ಇಲಾಖೆ ಬೇಡ. ಒಂದು ನೋಟ್‌ಬುಕ್ಕು, ಒಬ್ಬ ಜವಾಬ್ದಾರಿಯುತ ಅಧಿಕಾರಿ, ಉತ್ತರ ಕೇಳುವ ಒಂದು ಸಭೆ ಸಾಕು. ಆಸರೆಯ ಊರುಗಳಲ್ಲಿ ಎರಡನೆಯ ವರ್ಷ ಈ ಲೆಕ್ಕ ಓದಿದ್ದರೆ ಹತ್ತನೆಯ ವರ್ಷ ಜಾಲಿ ಸವರುವ ಪ್ರಮೇಯ ಬರುತ್ತಿರಲಿಲ್ಲ.

ಭೂಮಿ ನಾಶಕ್ಕೆ ಕೊಡುವ ದರ ಬದಲಾಗಬೇಕು. ತೋಟದ ಬೆಳೆಗೆ, ಫಸಲು ಕಾಣುವ ತನಕ ವರ್ಷ ವರ್ಷ ಕೊಡುವ ಆಸರೆ ಬೇಕು. ಲೈನ್‌ಮನೆಯಲ್ಲಿ ಇದ್ದವರನ್ನು ಮಾಲೀಕನ ಆಸ್ತಿಯ ಭಾಗವಾಗಿ ನೋಡದೆ ನಿವಾಸಿಗಳಾಗಿ ಎಣಿಸಬೇಕು. ಕೊಡುವ ಮನಸ್ಸುಳ್ಳ ನಗರದವರೂ ಅಭ್ಯಾಸ ಬದಲಿಸಿಕೊಳ್ಳಬೇಕು. ಮೊದಲ ವಾರ ಕೊಡುವವರು ಸಾವಿರ ಜನ ಇರುತ್ತಾರೆ. ಐದನೆಯ ವರ್ಷ ಒಬ್ಬ ಹುಡುಗಿಯ ಪಿಯುಸಿ ಶುಲ್ಕ, ಬಸ್ ಪಾಸು ಕಟ್ಟುವವರು ಬೇಕಾಗಿದ್ದಾರೆ. ಬ್ಯಾನರ್ ಕಟ್ಟಲು ಲಾರಿ ಇಲ್ಲದ ದಾನ ಅದು.

ಇದನ್ನು ಓದುತ್ತಿರುವವರಲ್ಲಿ ವಿದ್ಯಾರ್ಥಿಗಳು ಹೆಚ್ಚು ಎಂದು ಬಲ್ಲೆ. ಮಾನಸಗಂಗೋತ್ರಿಯಿಂದ ಮಡಿಕೇರಿಗೆ ಮೂರು ಗಂಟೆಯ ದಾರಿ. ಪ್ರತಿ ವರ್ಷ ಎಷ್ಟೋ ಸಂಪ್ರಬಂಧಗಳು ಗ್ರಂಥಾಲಯದ ಕಪಾಟು ಸೇರುತ್ತವೆ. ನಾಲ್ಕು ಜನ ಜಂಬೂರಿಗೆ, ಮದೆನಾಡಿಗೆ, ಇಲ್ಲವೇ ನಿಮ್ಮದೇ ಜಿಲ್ಲೆಯ ಒಂದು ಆಸರೆ ಊರಿಗೆ ಹೋಗಿ ಕೂರಿ. ಹೋದ ಊರಿನ ಗದ್ದೆಗಳಿಗೆ, ತೊರೆಗಳಿಗೆ, ತಿರುವುಗಳಿಗೆ ಇದ್ದ ಹೆಸರುಗಳನ್ನು ಬರೆದುಕೊಳ್ಳಿ. ನಕಾಶೆಯಲ್ಲಿ ಇಲ್ಲದ ಆ ಹೆಸರುಗಳು ಹಿರಿಯರ ಬಾಯಲ್ಲಿ ಮಾತ್ರ ಉಳಿದಿವೆ. ಜೊತೆಗೆ ಅವರ ಬಾಕಿಗಳನ್ನೂ ಬರೆದುಕೊಳ್ಳಿ. ಯಾವ ಕಂತು ಬಂತು, ಯಾವುದು ಬರಲಿಲ್ಲ, ಯಾವ ಕಾಗದಕ್ಕಾಗಿ ಎಷ್ಟು ಸಲ ಅಲೆದರು ಎಲ್ಲ. ಸಾಹಿತ್ಯಕ್ಕೆ ಹೆಸರುಗಳೂ ಬೇಕು, ಲೆಕ್ಕವೂ ಬೇಕು. ಹೆಸರನ್ನು ಮಾತ್ರ ಬರೆದರೆ ಅದು ಹಳಹಳಿಕೆ ಆಗುತ್ತದೆ, ಲೆಕ್ಕವನ್ನು ಮಾತ್ರ ಬರೆದರೆ ಇನ್ನೊಂದು ಕಡತ ಆಗುತ್ತದೆ.

2018ರ ಆಗಸ್ಟ್‌ನಿಂದ ಈಚೆಗೆ ಹಲವು ಮಳೆಗಾಲ ಕಳೆದಿವೆ. ನಡುವೆ 2019ರಲ್ಲಿ ತೋರ, 2020ರಲ್ಲಿ ತಲಕಾವೇರಿಯ ಗಜಗಿರಿ, 2024ರ ಜುಲೈನಲ್ಲಿ ಶಿರೂರು, ಅದೇ ತಿಂಗಳ ಕೊನೆಗೆ ನಮ್ಮ ಗಡಿಯಾಚೆ ವಯನಾಡು. ವಯನಾಡಿನಲ್ಲಿ ನೂರು ಮನೆ ಕಟ್ಟಿಸಿಕೊಡುತ್ತೇವೆ ಎಂದು ನಮ್ಮ ರಾಜ್ಯ ಘೋಷಿಸಿತು. ಕೊಡಲಿ, ನೆರೆಯವರ ಕಷ್ಟಕ್ಕೆ ಆಗಲೇಬೇಕು. ಆದರೆ ಮನೆಗಳ ಸಂಖ್ಯೆ ಹೇಳಿದ ಕೂಡಲೇ ನಮ್ಮ ಮಾತು ಅಲ್ಲಿಯೂ ನಿಲ್ಲದಿರಲಿ. ಮುಂದಿನ ಸಲ ಪತ್ರಿಕೆಯಲ್ಲಿ ಕೀಲಿಕೈಯ ಫೋಟೋ ಬಂದಾಗ ಅದರ ಕೆಳಗಿನ ತಾರೀಖು ಬರೆದಿಟ್ಟುಕೊಳ್ಳಿ. ಐದು ವರ್ಷ ಬಿಟ್ಟು ಆ ಬಡಾವಣೆಯ ಹೆಸರು ಹಿಡಿದು ನಿಮ್ಮ ಶಾಸಕರಿಗೆ, ಜಿಲ್ಲಾಧಿಕಾರಿಗೆ, ಅದೇ ಪತ್ರಿಕೆಯ ಸಂಪಾದಕರಿಗೆ ಒಂದು ಕಾಗದ ಬರೆದು ಕೇಳಿ: ಆ ಮನೆಯಲ್ಲಿ ಈಗ ಯಾರಿದ್ದಾರೆ?